ಮೂರು ಫೈನಲ್ ಸೋತ ಕೋಚ್

ಪ್ರಶ್ನೆ: ರಗ್ಬಿ ಲೀಗ್‌ನಲ್ಲಿ ದೊಡ್ಡ ಆಟಗಾರನೇ ದೊಡ್ಡ ಕೋಚ್ ಆಗುವುದಾ? ಆಸ್ಟ್ರೇಲಿಯಾದ ಕೋಚ್ ಐವನ್ ಕ್ಲಿಯರಿ ಹೇಗೆ ಗೆದ್ದರು?

ಉತ್ತರ: ಮೊದಲು ಸೋತು ಸೋತು! ಆಡುವ ಕಾಲದಲ್ಲಿ ಕ್ಲಿಯರಿ ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಆಟಗಾರ; ಗೋಲ್ ಒದೆಯುವುದರಲ್ಲಿ ಪಳಗಿದ ಕಾಲು. 2002ರಲ್ಲಿ ಆಸ್ಟ್ರೇಲಿಯಾದ ರಗ್ಬಿ ಲೀಗ್ ಟೂರ್ನಿಯ (ಎನ್‌ಆರ್‌ಎಲ್) ಫೈನಲ್‌ನಲ್ಲಿ ನ್ಯೂಜಿಲೆಂಡ್ ವಾರಿಯರ್ಸ್ ಪರ ಆಡಿ ಸೋತರು. 2011ರಲ್ಲಿ ಅದೇ ತಂಡದ ಕೋಚ್. ಮತ್ತೆ ಫೈನಲ್, ಮತ್ತೆ ಸೋಲು. 2020ರಲ್ಲಿ ಪೆನ್ರಿತ್ ತಂಡದ ಜತೆಗೂ ಅದೇ ಕತೆ. ನಾನಾಗಿದ್ದರೆ ಸುಮ್ನೆ ಮನೆಗೆ ಹೋಗಿ ಮಲಗುತ್ತಿದ್ದೆ. ಅವರು 2021ರಲ್ಲಿ 14–12ರಿಂದ ಗೆದ್ದರು. ಆಮೇಲೆ 2024ರವರೆಗೆ ಕಪ್ ಬಿಟ್ಟುಕೊಡಲೇ ಇಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು 2023ರ ಫೈನಲ್. ಎದುರಾಳಿ ಬ್ರಿಸ್ಬೇನ್ ತಂಡ 24–8ರಿಂದ ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಪೆನ್ರಿತ್ ಪರ ಆಡುತ್ತಿದ್ದ ಕ್ಲಿಯರಿಯ ಮಗ ನೇಥನ್ ಬಾಲ್ ಹಿಡಿದು ನುಗ್ಗಿ ಎದುರಾಳಿಯ ಗೆರೆ ದಾಟಿ ಅಂಕ ತಂದರು. ಕಿಕ್ ಕೂಡ ಅವರದ್ದೇ. ಪೆನ್ರಿತ್‌ಗೆ 26–24ರ ಗೆಲುವು. ಕೋಚ್ ಕುರ್ಚಿಯಲ್ಲಿ ಅಪ್ಪ ಕೂತಿದ್ದರು, ಅಲ್ವಾ!