ಉದ್ಯೋಗ ಪ್ರಶ್ನೋತ್ತರ: ನಾಲ್ಕು ದಿನ ತಡವಾದ ಗ್ರಾಮೀಣ ಪ್ರಮಾಣಪತ್ರ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವಳು, 2ಎ ಪ್ರವರ್ಗಕ್ಕೆ ಸೇರಿದವಳು. ಹತ್ತನೆಯ ತರಗತಿಯವರೆಗೂ ಹಳ್ಳಿಯಲ್ಲಿಯೇ ಓದಿದ್ದರಿಂದ ಸರ್ಕಾರಿ ಹುದ್ದೆಯೊಂದಕ್ಕೆ ಗ್ರಾಮೀಣ ಮೀಸಲಾತಿ ಕೋರಿ ಅರ್ಜಿ ಸಲ್ಲಿಸಿದ್ದೆ. ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಗಾಗಿ ಮೂರು ಬಾರಿ ಅಲೆದೆ. ಸಹಿ ಬೀಳುವಷ್ಟರಲ್ಲಿ ಅರ್ಜಿಯ ಕೊನೆಯ ದಿನಾಂಕ ಕಳೆದು ನಾಲ್ಕು ದಿನಗಳಾಗಿದ್ದವು. ದಾಖಲೆ ಪರಿಶೀಲನೆಯಲ್ಲಿ ಮೀಸಲಾತಿಯನ್ನು ತಿರಸ್ಕರಿಸಿದರು. ತಾತ್ಕಾಲಿಕ ಆಯ್ಕೆಪಟ್ಟಿಯಲ್ಲಿ ನನಗಿಂತ ಕಡಿಮೆ ಅಂಕ ಪಡೆದ ಗ್ರಾಮೀಣ ಅಭ್ಯರ್ಥಿಯಿದ್ದಾರೆ. ನ್ಯಾಯ ಕೇಳಲು ದಾರಿಯಿದೆಯೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ದಾರಿಯಿದೆ, ಆದರೆ ಗೆಲುವು ಖಚಿತವಲ್ಲ. ಮೊದಲು ಅಧಿಸೂಚನೆಯನ್ನು ಮತ್ತೊಮ್ಮೆ ಓದಿ. ಪ್ರಮಾಣಪತ್ರವನ್ನು ‘ಕೊನೆಯ ದಿನಾಂಕದೊಳಗೆ ಪಡೆದಿರತಕ್ಕದ್ದು’ ಎಂದಿದೆಯೋ, ಅಥವಾ ‘ಪರಿಶೀಲನೆಯ ವೇಳೆ ಹಾಜರುಪಡಿಸತಕ್ಕದ್ದು’ ಎಂದಷ್ಟೇ ಇದೆಯೋ ಎಂಬುದರ ಮೇಲೆ ನಿಮ್ಮ ಪ್ರಕರಣದ ಬಹುಭಾಗ ನಿಂತಿದೆ. ಮೊದಲನೆಯದಾಗಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಸಡಿಲಿಕೆ ನೀಡುವುದಿಲ್ಲ. ಪ್ರಮಾಣಪತ್ರ ಸಕಾಲಕ್ಕೆ ಸಿಗದೆಂದು ಅರ್ಜಿಯನ್ನೇ ಹಾಕದ ಇತರರಿಗೆ ಅನ್ಯಾಯವಾಗುತ್ತದೆ ಎಂಬುದು ಅವುಗಳ ನಿಲುವು. ಎರಡನೆಯದಾಗಿದ್ದರೆ, 2016ರಲ್ಲಿ ಸುಪ್ರೀಂ ಕೋರ್ಟ್ ರಾಮ್ ಕುಮಾರ್ ಗಿಜ್ರೋಯಾ ಪ್ರಕರಣದಲ್ಲಿ, ಹಿಂದುಳಿದ ವರ್ಗದ ಪ್ರಮಾಣಪತ್ರವನ್ನು ತಡವಾಗಿ ಸಲ್ಲಿಸಿದ ಅಭ್ಯರ್ಥಿಯ ಪರವಾಗಿ ನೀಡಿದ ತೀರ್ಪನ್ನು ಆಧರಿಸಬಹುದು. ಜಾತಿಯಂತೆಯೇ ಹಳ್ಳಿಯ ವ್ಯಾಸಂಗವೂ ಅರ್ಜಿ ಹಾಕುವ ಮೊದಲೇ ಮುಗಿದ ಸಂಗತಿ, ಸಹಿ ಅದನ್ನು ದೃಢೀಕರಿಸುತ್ತದೆಯಷ್ಟೆ ಎಂದು ವಾದಿಸಲು ಅವಕಾಶವಿದೆ. ನನಗೆ ಈ ವಾದ ಸರಿಯೆನಿಸುತ್ತದೆ. ಪ್ರಕರಣ ಆಲಿಸುವ ನ್ಯಾಯಮಂಡಳಿಗೂ ಹಾಗೆಯೇ ಅನಿಸಬೇಕೆಂದಿಲ್ಲ.

ಪಟ್ಟಿ ಇನ್ನೂ ತಾತ್ಕಾಲಿಕವಾಗಿರುವುದರಿಂದ, ಆಕ್ಷೇಪಣೆಯ ಅವಧಿಯೊಳಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ನೀವು ಶಿಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟ ದಿನಾಂಕದ ಮುದ್ರೆಯಿರುವ ಒಂದು ಪ್ರತಿ ಸಿಕ್ಕರೆ ಅದು ನೂರು ಮಾತಿಗಿಂತ ಹೆಚ್ಚು. ಪ್ರತಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ, ಕಚೇರಿಗೆ ಬಂದ ಪತ್ರಗಳನ್ನು ದಾಖಲಿಸುವ ಆವಕ ವಹಿಯ ನಕಲನ್ನು ಕೇಳಿ. ಮನವಿ ತಿರಸ್ಕೃತವಾದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಅದರ ಪೀಠ ಕಲಬುರಗಿಯಲ್ಲಿಯೂ ಇದೆ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆ ಒಂದು ವರ್ಷದ ಕಾಲಾವಕಾಶ ನೀಡುತ್ತದೆಯಾದರೂ ನೇಮಕಾತಿ ಆದೇಶಗಳು ಹೊರಬಿದ್ದ ಮೇಲೆ ಪರಿಹಾರ ಕಷ್ಟ. ಆಯ್ಕೆಯಾದ ಆ ಅಭ್ಯರ್ಥಿಯನ್ನೂ ಪ್ರತಿವಾದಿಯನ್ನಾಗಿ ಮಾಡದಿದ್ದರೆ ಅರ್ಜಿ ಅಲ್ಲಿಯೇ ಎಡವುತ್ತದೆ.

ತಡವಾಗಿ ಬಂದ ಪ್ರಮಾಣಪತ್ರ ಮುಂದಿನ ಅಧಿಸೂಚನೆಗೆ ಉಪಯೋಗಕ್ಕೆ ಬರುತ್ತದೆ, ಮೂಲಪ್ರತಿಯನ್ನು ಜೋಪಾನವಾಗಿಡಿ. ನಿಮ್ಮ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ತುಂಬಿದೆಯೇ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕಲ್ಪಿಸುವ ಸಂವಿಧಾನದ 371(ಜೆ) ವಿಧಿಯಡಿಯ ಅರ್ಹತಾ ಪ್ರಮಾಣಪತ್ರ ಕೈಯಲ್ಲಿದೆಯೇ ಎಂಬುದನ್ನೂ ಈ ವಾರವೇ ನೋಡಿಕೊಳ್ಳಿ.