ಸ್ಟ್ರಾಬೆರಿ ಫ್ರೀಜರ್‌ನಲ್ಲಿಟ್ಟರೆ ಒಂದೇ ಗಡ್ಡೆಯಾಗುತ್ತದೆ, ಹೊರಗೆ ತೆಗೆದರೆ ನೀರು ಬಿಡುತ್ತದೆ. ಸರಿಯಾಗಿ ಇಡುವುದು ಹೇಗೆ?

ಹಣ್ಣನ್ನು ತೊಳೆದು, ಚೆನ್ನಾಗಿ ಒಣಗಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರ್‌ನಲ್ಲಿಡಿ. ನಾಲ್ಕೈದು ಗಂಟೆ ಬಿಟ್ಟು ನೋಡಿ. ತಟ್ಟೆ ಅಲ್ಲಾಡಿಸಿದರೆ ಟಣ್ ಟಣ್ ಅನ್ನುವಷ್ಟು ಗಟ್ಟಿಯಾಗಿರಬೇಕು. ಆಮೇಲಷ್ಟೇ ಜಿಪ್ ಕವರಿಗೆ ತುಂಬಿ, ಒಳಗಿನ ಗಾಳಿಯನ್ನೆಲ್ಲ ಒತ್ತಿ ತೆಗೆದು ಮುಚ್ಚಿ.

ಸ್ಟ್ರಾಬೆರಿಯಲ್ಲಿ ಸುಮಾರು ಶೇ. 90 ಭಾಗ ನೀರೇ ಇರುತ್ತದೆ. ಆ ನೀರು ನಿಧಾನವಾಗಿ ಗಟ್ಟಿಯಾದರೆ ಐಸ್ ಹರಳುಗಳು ದೊಡ್ಡದಾಗಿ ಬೆಳೆದು ಹಣ್ಣಿನ ಜೀವಕೋಶಗಳನ್ನು ಹರಿದುಹಾಕುತ್ತವೆ. ಕರಗಿದಾಗ ರಸವೆಲ್ಲ ಸೋರಿಹೋಗುವುದು ಅದಕ್ಕೇ. ಡಬ್ಬಿ ಸಮೇತ ಒಟ್ಟಿಗೆ ಇಟ್ಟರೆ ನಡುವಿನ ಹಣ್ಣಿಗೆ ತಂಪು ತಲುಪುವುದು ತಡವಾಗುತ್ತದೆ. ಹರಡಿಟ್ಟರೆ ಪ್ರತಿ ಹಣ್ಣೂ ಬೇಗ ಗಟ್ಟಿಯಾಗುತ್ತದೆ, ಹರಳು ಸಣ್ಣದಾಗೇ ಉಳಿಯುತ್ತದೆ. ಗಡ್ಡೆ ಕಟ್ಟುವುದಕ್ಕೆ ಮಾತ್ರ ಕಾರಣ ಬೇರೆ: ಮೇಲಿನ ಒದ್ದೆಯೇ ಐಸಾಗಿ ಹಣ್ಣುಗಳನ್ನು ಅಂಟಿಸುತ್ತದೆ. ಒಣಗಿಸುವ ಕೆಲಸದಲ್ಲಿ ಆತುರ ಬೇಡ. ತೊಟ್ಟನ್ನೂ ತೊಳೆದ ಮೇಲೆಯೇ ಕೀಳಿ, ಇಲ್ಲದಿದ್ದರೆ ಆ ತೂತಿನಿಂದ ನೀರು ಒಳಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಮನೆ ಫ್ರೀಜರ್‌ನಲ್ಲಿಟ್ಟ ಹಣ್ಣು ಕರಗಿದ ಮೇಲೆ ಸ್ವಲ್ಪ ಮೆತ್ತಗಾಗೇ ಆಗುತ್ತದೆ. ಮಿಲ್ಕ್‌ಶೇಕ್‌ಗೋ ಜಾಮ್‌ಗೋ ಕರಗಿಸದೆ ನೇರವಾಗಿ ಹಾಕಿ, ರುಚಿ ಚೆನ್ನಾಗಿರುತ್ತದೆ. ಆರು ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು. ಬೂಸ್ಟು ಹಿಡಿದ ಹಣ್ಣನ್ನು ಮೊದಲೇ ಆರಿಸಿ ಎಸೆಯಿರಿ. ಫ್ರೀಜರ್ ಬೂಸ್ಟನ್ನು ತಡೆದು ನಿಲ್ಲಿಸುತ್ತದೆ ಅಷ್ಟೇ, ಸಾಯಿಸುವುದಿಲ್ಲ.