ಆಟೋಮನ್ ಸಾಮ್ರಾಜ್ಯದ ‘ಮಿಲ್ಲೆತ್’ ಧರ್ಮವೇ, ರಾಷ್ಟ್ರವೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಆಟೋಮನ್ ಸಾಮ್ರಾಜ್ಯದ ‘ಮಿಲ್ಲೆತ್’ ಎಂದರೆ ಧರ್ಮವೋ ರಾಷ್ಟ್ರವೋ ಎಂಬುದು ಒಂದು. ಪ್ರತಿ ಧರ್ಮದವರೂ ತಮ್ಮ ಪಾಡಿಗೆ ತಾವಿರಲು ಅವಕಾಶವಿದ್ದ ಮೇಲೆ ಆ ಸಾಮ್ರಾಜ್ಯ ಒಡೆದು ಹೋಳಾದದ್ದೇಕೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ನಮ್ಮ ಗಡಿಯಲ್ಲೇ ಇದೆ. ಬಳ್ಳಾರಿ ದಾಟಿ ಆಂಧ್ರಕ್ಕೆ ಕಾಲಿಟ್ಟರೆ ಹೆದ್ದಾರಿಯ ಹೆಸರು ‘ಜಾತೀಯ ರಹದಾರಿ’. ಮೊದಲ ಬಾರಿ ಓದಿದಾಗ ಇದು ಯಾವ ಜಾತಿಯವರ ರಸ್ತೆ ಎಂದು ಬೆರಗಾಗಿದ್ದೆ. ತೆಲುಗಿನಲ್ಲಿ ಜಾತೀಯ ಎಂದರೆ ರಾಷ್ಟ್ರೀಯ. ನಮ್ಮಲ್ಲಿ ಜಾತಿಯಾಗಿಯೇ ಉಳಿದ ಪದ ಅಲ್ಲಿ ರಾಷ್ಟ್ರವಾಗಿ ಬಡ್ತಿ ಪಡೆದಿದೆ. ಅರಬ್ಬಿಯಿಂದ ಬಂದ, ಉರ್ದುವಿನಲ್ಲಿ ನಾವು ‘ಮಿಲ್ಲತ್’ ಎಂದು ಕೇಳುವ ಪದದ ಕಥೆಯೂ ಹೀಗೆಯೇ. ಹಳೆಯ ತುರ್ಕಿಯಲ್ಲಿ ಅದು ಧಾರ್ಮಿಕ ಸಮುದಾಯ. ಇಂದಿನ ಟರ್ಕಿಯ ಸಂಸತ್ತಿನ ಹೆಸರಿನಲ್ಲಿ ಅದೇ ಪದಕ್ಕೆ ರಾಷ್ಟ್ರ ಎಂಬ ಅರ್ಥ. ಒಂದೇ ಭಾಷೆಯೊಳಗೆ ನಡೆದ ಈ ಬಡ್ತಿಗೆ ತೆತ್ತ ಬೆಲೆ ಮಾತ್ರ ದೊಡ್ಡದು.

‘1453ರಲ್ಲಿ ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು’ ಎಂಬ ಸಾಲನ್ನು ಹತ್ತನೆಯ ತರಗತಿಯಲ್ಲಿ ನಾವೆಲ್ಲ ಉರು ಹೊಡೆದವರೇ. ಆ ಪಾಠ ಅಲ್ಲಿಂದ ನೇರವಾಗಿ ಕರಿಮೆಣಸಿಗೂ ವಾಸ್ಕೋ ಡ ಗಾಮನಿಗೂ ಜಿಗಿಯುತ್ತದೆ. ವಶವಾದ ಊರಿನ ಜನ ಏನಾದರೆಂದು ಯಾವ ಮೇಷ್ಟರೂ ಹೇಳಲಿಲ್ಲ. ಗೆದ್ದ ಸುಲ್ತಾನ ಎರಡನೆಯ ಮೆಹಮದ್ ಕೆಲವೇ ತಿಂಗಳಲ್ಲಿ, 1454ರ ಜನವರಿಯಲ್ಲಿ, ಗೆನ್ನಾದಿಯೋಸ್ ಎಂಬ ಸನ್ಯಾಸಿಯನ್ನು ಆರ್ಥೊಡಾಕ್ಸ್ (ಪೋಪನ ಅಧಿಕಾರ ಒಪ್ಪದ ಪೂರ್ವದ ಪಂಥದ) ಕ್ರೈಸ್ತರ ಪೇಟ್ರಿಯಾರ್ಕ್, ಅಂದರೆ ಮಹಾಗುರು, ಆಗಿ ನೇಮಿಸಿದ. ಗೆನ್ನಾದಿಯೋಸ್ ರೋಮಿನ ಪೋಪ್ ಜೊತೆಗಿನ ಐಕ್ಯಕ್ಕೆ ಕಡು ವಿರೋಧಿ. ಸುಲ್ತಾನನಿಗೆ ಬೇಕಾದದ್ದೂ ಅಂಥವನೇ. ಮೆಹಮದ್ ಅಂದೇ ಆರ್ಥೊಡಾಕ್ಸ್, ಅರ್ಮೇನಿಯನ್, ಯಹೂದಿ ಎಂದು ಮೂರು ಮಿಲ್ಲೆತ್‌ಗಳನ್ನು ಅಚ್ಚುಕಟ್ಟಾಗಿ ಕಟ್ಟಿಟ್ಟ ಎಂಬ ಕಥೆಯನ್ನು ಇಂದಿನ ಇತಿಹಾಸಕಾರರು ಅನುಮಾನದಿಂದಲೇ ನೋಡುತ್ತಾರೆ. ಊರೂರಿನ ಒಪ್ಪಂದಗಳಾಗಿ ಬೆಳೆದದ್ದಕ್ಕೆ ಸಾಮ್ರಾಜ್ಯವ್ಯಾಪಿ ವ್ಯವಸ್ಥೆಯ ರೂಪ ಬಂದದ್ದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಪುರಾತನದ ವೇಷ ತೊಡಿಸುವುದರಲ್ಲಿ ಪಾದ್ರಿಗಳಿಗೂ ಲಾಭವಿತ್ತು.

ವ್ಯವಹಾರ ಸರಳವಾಗಿತ್ತು. ಮದುವೆ, ವಿಚ್ಛೇದನ, ಆಸ್ತಿಯ ಪಾಲು, ಶಾಲೆ ಇವೆಲ್ಲ ಆಯಾ ಗುರುಪೀಠದ ಕೈಯಲ್ಲಿ. ಪ್ರತಿಯಾಗಿ ತೆರಿಗೆಗೂ ನಿಷ್ಠೆಗೂ ಗುರುವೇ ಹೊಣೆ. ಈ ಹೊಣೆ ಎಷ್ಟು ನಿಜವಾದದ್ದು ಎಂಬುದು ಇಸ್ತಾಂಬುಲಿನ, ಅಂದರೆ ಹಳೆಯ ಕಾನ್‌ಸ್ಟಾಂಟಿನೋಪಲಿನ, ಫನಾರ್ ಬಡಾವಣೆಯಲ್ಲಿ ಪೇಟ್ರಿಯಾರ್ಕ್ ಪೀಠದ ಎದುರು ನಿಂತಾಗ ನನಗೆ ಅರ್ಥವಾಯಿತು. ಅದರ ಮುಖ್ಯ ದ್ವಾರ ಮುಚ್ಚಿದೆ. ಜನ ಪಕ್ಕದ ಬಾಗಿಲಿನಿಂದ ಓಡಾಡುತ್ತಾರೆ. 1821ರಲ್ಲಿ ಗ್ರೀಕರು ದಂಗೆಯೆದ್ದಾಗ ಐದನೆಯ ಗ್ರೆಗೊರಿ ಪೇಟ್ರಿಯಾರ್ಕ್ ಆಗಿದ್ದ. ಆತ ದಂಗೆಕೋರರಿಗೆ ಬಹಿಷ್ಕಾರವನ್ನೇ ಹಾಕಿದ್ದ. ಆದರೂ ಈಸ್ಟರ್ ದಿನ ಅವನನ್ನು ಅದೇ ದ್ವಾರಕ್ಕೆ ನೇಣು ಹಾಕಿದರು. ಜನ ದಂಗೆಯೆದ್ದರೆ ಜಾಮೀನುದಾರನೇ ಅಪರಾಧಿ. ಅಂದಿನಿಂದ ಆ ದ್ವಾರ ತೆರೆದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ತುರ್ಕರ ನೊಗದಡಿ ರಾಷ್ಟ್ರಗಳು ನಿದ್ರಿಸುತ್ತಿದ್ದವು, ಹತ್ತೊಂಬತ್ತನೆಯ ಶತಮಾನದಲ್ಲಿ ಎಚ್ಚೆತ್ತು ಸುಲ್ತಾನನ ವಿರುದ್ಧ ಎದ್ದು ನಿಂತವು ಎಂದು ಹೇಳುವುದು ವಾಡಿಕೆ. ನನಗೆ ಇದು ಒಪ್ಪಿಗೆಯಿಲ್ಲ. ಬಲ್ಗೇರಿಯನ್ನರನ್ನೇ ನೋಡಿ. ಅವರ ದೊಡ್ಡ ಜಗಳ ಮೊದಲು ನಡೆದದ್ದು ಸುಲ್ತಾನನೊಂದಿಗಲ್ಲ, ತಮ್ಮದೇ ಧರ್ಮದ ಗುರುಪೀಠದೊಂದಿಗೆ.

ಆರ್ಥೊಡಾಕ್ಸ್ ಸಮುದಾಯದ ಹೆಸರು ‘ರೂಮ್’, ಅಂದರೆ ರೋಮನ್ನರು. ಗ್ರೀಕ್, ಬಲ್ಗೇರಿಯನ್, ಸರ್ಬಿಯನ್, ಅಲ್ಬೇನಿಯನ್, ಅರಬ್ಬಿ ಆಡುವವರೆಲ್ಲ ಅದರೊಳಗೇ. ಸರ್ಕಾರದ ಕಡತಕ್ಕೆ ಭಾಷೆ ಬೇಕಿರಲಿಲ್ಲ. ಆದರೆ ಪೀಠ ಗ್ರೀಕರದು, ಬಿಷಪ್ಪರು ಗ್ರೀಕರು, ಪಟ್ಟಣಗಳ ಪೂಜೆಯೂ ಶಾಲೆಯೂ ಹೆಚ್ಚಾಗಿ ಗ್ರೀಕಿನಲ್ಲಿ. ಕಪ್ಪ ಕಾಣಿಕೆ ಮಾತ್ರ ಬಲ್ಗೇರಿಯನ್ ರೈತನದು. 1762ರಲ್ಲೇ ಪೈಸಿ ಎಂಬ ಸನ್ಯಾಸಿ ತನ್ನ ಜನರ ಇತಿಹಾಸ ಬರೆದು, ಬಲ್ಗೇರಿಯನ್ ಎಂದು ಹೇಳಿಕೊಳ್ಳಲು ನಾಚಿಕೆಯೇಕೆ ಎಂದು ಗದರಿದ್ದ. ಅದು ದಶಕಗಳ ಕಾಲ ಕೈಬರಹದಲ್ಲೇ ಊರಿಂದೂರಿಗೆ ಸಾಗಿತು.

1860ರ ಈಸ್ಟರ್ ದಿನ ಇಸ್ತಾಂಬುಲಿನ ಬಲ್ಗೇರಿಯನ್ ಚರ್ಚಿನಲ್ಲಿ ಬಿಷಪ್ ಇಲಾರಿಯೋನ್ ಪ್ರಾರ್ಥನೆ ನಡೆಸುತ್ತಿದ್ದ. ಪೇಟ್ರಿಯಾರ್ಕ್‌ನ ಹೆಸರು ಹೇಳಬೇಕಾದ ಸಾಲು ಬಂತು, ಹೇಳಲಿಲ್ಲ. ಕತ್ತಿಯಿಲ್ಲ, ಗುಂಡಿಲ್ಲ, ಸಂಕಲ್ಪದಲ್ಲಿ ಒಂದು ಹೆಸರು ಬಿಟ್ಟಂತೆ, ಅಷ್ಟೇ. ಆದರೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು: ನಾವು ಇನ್ನು ‘ರೂಮ್’ ಅಲ್ಲ. ಪೀಠ ಅವನನ್ನು ಗಡೀಪಾರು ಮಾಡಿಸಿತು. ಹತ್ತು ವರ್ಷಗಳ ಎಳೆದಾಟದ ಬಳಿಕ, 1870ರಲ್ಲಿ ಸುಲ್ತಾನನೇ ಫರ್ಮಾನು ಹೊರಡಿಸಿ ಬಲ್ಗೇರಿಯನ್ನರಿಗೆ ಪ್ರತ್ಯೇಕ ಪೀಠ ಕೊಟ್ಟ. ಆಗ ಬಲ್ಗೇರಿಯ ಎಂಬ ದೇಶವೇ ಇರಲಿಲ್ಲ! ನಕ್ಷೆಯಲ್ಲಿ ಗಡಿ ಮೂಡುವ ಮೊದಲೇ ಮಠದ ಗಡಿ ಮೂಡಿತು. 1872ರಲ್ಲಿ ಇಸ್ತಾಂಬುಲಿನಲ್ಲಿ ಸೇರಿದ ಧರ್ಮಸಭೆ, ಚರ್ಚಿನೊಳಗೆ ಜನಾಂಗದ ಭೇದ ತರುವುದು ಪಾಷಂಡವೆಂದು ತೀರ್ಪು ಕೊಟ್ಟಿತು. ತತ್ತ್ವವಾಗಿ ಉದಾತ್ತ ಮಾತು. ಹೇಳಿದವರು ಗ್ರೀಕರಾಗಿರದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಈ ಬಿರುಕು ಮುಚ್ಚಿದ್ದು 1945ರಲ್ಲಿ.

ಫರ್ಮಾನಿನ ಹತ್ತನೆಯ ವಿಧಿಯಲ್ಲಿ ಬೆಂಕಿ ಅಡಗಿತ್ತು. ಹೊಸ ಪೀಠಕ್ಕೆ ನಿಗದಿಯಾದ ಪ್ರದೇಶದ ಆಚೆಯೂ, ಮೂರರಲ್ಲಿ ಎರಡು ಪಾಲು ಜನ ಬಯಸಿದರೆ ಅದಕ್ಕೆ ಸೇರಬಹುದು. ಪರಿಣಾಮ ಊಹಿಸಿ. ಮ್ಯಾಸಿಡೋನಿಯದ ಹಳ್ಳಿಗಳಲ್ಲಿ ಎರಡೂ ಕಡೆಯ ಪಾದ್ರಿಗಳು, ಮೇಷ್ಟರುಗಳು, ಕೊನೆಗೆ ಬಂದೂಕು ಹಿಡಿದ ತಂಡಗಳು ತಲೆ ಎಣಿಸಲು ಬಂದರು. ಒಂದೇ ಮಾತು, ಒಂದೇ ಶಿಲುಬೆ. ಆದರೆ ಯಾವ ಬಿಷಪ್ಪನಿಗೆ ಕಾಣಿಕೆ ಕೊಡುತ್ತೀರಿ ಎಂಬುದರ ಮೇಲೆ ನೀವು ಗ್ರೀಕರೋ ಬಲ್ಗೇರಿಯನ್ನರೋ ಎಂಬುದು ತೀರ್ಮಾನವಾಗುತ್ತಿತ್ತು. 1880ರ ದಶಕದ ಆಟೋಮನ್ ಜನಗಣತಿಯಲ್ಲಿ ‘ರೂಮ್’ ಪಕ್ಕದಲ್ಲಿ ‘ಬಲ್ಗೇರಿಯನ್’ ಎಂಬ ಅಂಕಣ ಬೇರೆಯಾಗಿಯೇ ಇದೆ. ತುರ್ಕ, ಕುರ್ದ, ಅರಬ್ಬ ಎಂಬ ಅಂಕಣಗಳಿಲ್ಲ, ಅವರೆಲ್ಲ ‘ಮುಸ್ಲಿಂ’. ಸಾಮ್ರಾಜ್ಯವನ್ನು ಆಳುತ್ತಿದ್ದವರಿಗೇ ಅಂಕಣವಿಲ್ಲ ಎಂಬುದು ನನಗೆ ಈಗಲೂ ಸೋಜಿಗ.

ಅರ್ಮೇನಿಯನ್ನರು ಬೇರೆ ದಾರಿ ಹಿಡಿದರು: 1863ರಲ್ಲಿ ತಮ್ಮ ಸಮುದಾಯಕ್ಕೇ ಒಂದು ಸಂವಿಧಾನ, 140 ಸದಸ್ಯರ ಸಭೆ. ಬಹುಪಾಲು ಜನ ಪೂರ್ವದ ಪ್ರಾಂತ್ಯಗಳಲ್ಲಿದ್ದರೂ ಪ್ರಾಂತ್ಯಗಳಿಗೆಲ್ಲ ಸೇರಿ 40 ಸ್ಥಾನ, ಉಳಿದದ್ದು ರಾಜಧಾನಿಗೆ. ಸಾಮ್ರಾಜ್ಯದೊಳಗೇ ಇದ್ದು ಸುಧಾರಿಸಿಕೊಳ್ಳಲು ಹೊರಟ ಈ ಸಮುದಾಯವನ್ನು 1915ರಲ್ಲಿ ಅದೇ ಸಾಮ್ರಾಜ್ಯ ಮನೆಗಳಿಂದ ಎಬ್ಬಿಸಿ ಸಿರಿಯದ ಮರುಭೂಮಿಯತ್ತ ಅಟ್ಟಿತು. ಲಕ್ಷಾಂತರ ಜನ ಸತ್ತರು. ‘ಮಿಲ್ಲೆತ್ ವ್ಯವಸ್ಥೆ ಸಹಿಷ್ಣುತೆಯ ಮಾದರಿ’ ಎಂದು ಬರೆಯುವವರು 1492ರಲ್ಲಿ ಸ್ಪೇನಿನಿಂದ ಓಡಿಬಂದ ಯಹೂದಿಗಳಿಗೆ ಆಶ್ರಯ ಕೊಟ್ಟದ್ದನ್ನು ಹೇಳುತ್ತಾರೆ. ಅದು ನಿಜವೇ. ಇದೂ ನಿಜ.

ಕೊನೆಗೆ 1923. ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಕಡ್ಡಾಯವಾಗಿ ಅದಲು ಬದಲು ಮಾಡಿಕೊಳ್ಳಲು ಸಹಿ ಹಾಕಿದವು. ಎರಡೂ ಆಧುನಿಕ ರಾಷ್ಟ್ರಗಳೇ, ಆದರೆ ಯಾರು ಗ್ರೀಕ್ ಯಾರು ತುರ್ಕ ಎಂದು ತೀರ್ಮಾನಿಸಲು ಅವರ ಕೈಗೆ ಸಿಕ್ಕಿದ ಅಳತೆಗೋಲು ಹಳೆಯ ಮಿಲ್ಲೆತ್ತೇ. ಒಪ್ಪಂದ ಧರ್ಮವನ್ನಷ್ಟೇ ಕೇಳಿತು. ಭಾಷೆಯ ಮಾತೇ ಇಲ್ಲ. ಹಾಗಾಗಿ ಅನತೋಲಿಯದ, ಅಂದರೆ ಟರ್ಕಿಯ ಏಷ್ಯಾ ಭಾಗದ, ಒಳನಾಡಿನಲ್ಲಿ ತುರ್ಕಿ ಬಿಟ್ಟು ಬೇರೆ ಮಾತು ಬಾರದ ಕರಮಾನ್ಲಿ ಕ್ರೈಸ್ತರು ‘ತಾಯ್ನಾಡು’ ಗ್ರೀಸಿಗೆ ಹೊರಟರು. ಕ್ರೀಟ್ ದ್ವೀಪದ ಗ್ರೀಕ್ ಮಾತಿನ ಮುಸ್ಲಿಮರು ‘ತಾಯ್ನಾಡು’ ಟರ್ಕಿಗೆ ಬಂದರು. ಅಲ್ಲಿ ಅವರನ್ನು ತುರ್ಕರ ಬೀಜ ಎಂದರು, ಇಲ್ಲಿ ಇವರನ್ನು ಅರೆ ಕಾಫಿರರು ಎಂದರು. ಪಾಪಾ ಎಫ್ತಿಮ್ ಎಂಬ ಕರಮಾನ್ಲಿ ಪಾದ್ರಿಯೊಬ್ಬ ‘ನಾವು ಕ್ರೈಸ್ತ ತುರ್ಕರು’ ಎಂದು ಸಾರಿ, ಟರ್ಕಿಯ ಪರ ನಿಂತು, ಬೇರೆ ಚರ್ಚನ್ನೇ ಕಟ್ಟಿದ್ದ. ಅವನಿಗೂ ಅವನ ಕುಟುಂಬಕ್ಕೂ ವಿನಾಯಿತಿ ಸಿಕ್ಕಿತು. ಅವನನ್ನು ನಂಬಿದ ಊರಿನವರು ಹಡಗು ಹತ್ತಿದರು.

ಇಸ್ತಾಂಬುಲಿಗೆ ಹೋದರೆ ಎರಡು ಜಾಗ ನೋಡಿ. ಒಂದು, ಆ ಮುಚ್ಚಿದ ದ್ವಾರದಿಂದ ಕೆಲವೇ ನಿಮಿಷದ ನಡಿಗೆಯಲ್ಲಿರುವ ಬಲ್ಗೇರಿಯನ್ನರ ಕಬ್ಬಿಣದ ಚರ್ಚು. ಇಲಾರಿಯೋನ್ ಹೆಸರು ಬಿಟ್ಟ ಮರದ ಚರ್ಚು ಇದ್ದ ಜಾಗ ಅದೇ. ನೆಲ ಮೆತ್ತಗಿದ್ದುದರಿಂದ ವಿಯೆನ್ನಾದಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಎರಕ ಹೊಯ್ದು, ಡ್ಯಾನ್ಯೂಬ್ ನದಿಯ ಮೇಲೆ ಸಾಗಿಸಿ ತಂದು ಜೋಡಿಸಿದರು. 1898ರಲ್ಲಿ ಪೂಜೆ ಶುರುವಾಯಿತು. ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಕೊಡ ತಟ್ಟಿದ ಸದ್ದು. ನಕ್ಷೆ ಬರೆದವನು ಹೊವ್ಸೆಪ್ ಅಜ್ನಾವುರ್, ಇಸ್ತಾಂಬುಲಿನ ಅರ್ಮೇನಿಯನ್.

ಇನ್ನೊಂದು ಊರ ಹಳೆಯ ಕೋಟೆಗೋಡೆಯ ಹೊರಗಿರುವ ಬಾಲಿಕ್ಲಿ ಮಠ. ಅದರ ಅಂಗಳಕ್ಕೆ ಹಾಸಿರುವುದು ಕರಮಾನ್ಲಿಗಳ ಗೋರಿಗಲ್ಲುಗಳು. ಅಕ್ಷರ ಗ್ರೀಕ್, ಮಾತು ತುರ್ಕಿ. ನಾನು ಹೋದ ದಿನ ಗ್ರೀಸಿನಿಂದ ಬಂದ ಹೆಂಗಸೊಬ್ಬರು ಬಗ್ಗಿ ಒಂದು ಕಲ್ಲನ್ನು ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದರು, ಒಂದು ಪದವೂ ಅರ್ಥವಾಗದೆ. ಕಸ ಗುಡಿಸುತ್ತಿದ್ದ ಮುದುಕ ಪೊರಕೆ ನಿಲ್ಲಿಸಿ, ಅವರು ಓದಿದ್ದರ ಅರ್ಥ ಹೇಳತೊಡಗಿದ.